ಕಾಮಾಲೆ ಒಂದೇ, ಕ್ಯಾನ್ಸರ್ ಬೇರೆ ಬೇರೆ: ರಕ್ತದ ವರದಿ ಎಷ್ಟು ಹೇಳುತ್ತದೆ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಶಿವಮೊಗ್ಗ ಜಿಲ್ಲೆಯಲ್ಲಿ ತೋಟ ನೋಡಿಕೊಂಡಿದ್ದಾರೆ. ಮೂರು ವಾರದಿಂದ ಕಣ್ಣು ಹಳದಿಯಾಗಿದೆ. ಮೈಯೆಲ್ಲ ನವೆ, ರಾತ್ರಿ ನಿದ್ದೆಯಿಲ್ಲ. ಹೊಟ್ಟೆನೋವು ಹೇಳಿಕೊಳ್ಳುವಂಥದ್ದಿಲ್ಲ. ಬೆನ್ನು ಹಿಡಿದ ಹಾಗಿದೆ ಅನ್ನುತ್ತಾರೆ. ನಾಲ್ಕು ತಿಂಗಳಲ್ಲಿ 7 ಕೆಜಿ ಇಳಿದಿದ್ದಾರೆ. ಆರು ತಿಂಗಳ ಹಿಂದೆ ಮೊದಲ ಸಲ ಶುಗರ್ ಕಾಣಿಸಿತು. ಬೀಡಿ ಸೇದುತ್ತಾರೆ. ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್ 14.2, ಎಎಲ್‌ಪಿ 780, ಎಸ್‌ಜಿಪಿಟಿ 140 ಬಂದಿದೆ. ಕ್ಯಾನ್ಸರ್ ಸುಳಿವಿಗೆ ಮಾಡಿಸಿದ ಟ್ಯೂಮರ್ ಮಾರ್ಕರ್‌ಗಳಲ್ಲಿ ಸಿಎ 19-9 ಎನ್ನುವುದು 480, ಸಿಇಎ 6.1, ಎಎಫ್‌ಪಿ 3. ಅಲ್ಟ್ರಾಸೌಂಡ್‌ನಲ್ಲಿ ಪಿತ್ತನಾಳ ಹಿಗ್ಗಿದೆ, ಪಿತ್ತಕೋಶ ಊದಿದೆ, ಕಲ್ಲು ಕಾಣಲಿಲ್ಲ, ಗ್ಯಾಸ್ ಇದ್ದದ್ದರಿಂದ ಮೇದೋಜೀರಕ ಗ್ರಂಥಿ ಸರಿಯಾಗಿ ಕಂಡಿಲ್ಲ ಅಂತ ಬರೆದಿದ್ದಾರೆ. ಒಬ್ಬ ಡಾಕ್ಟರು ಮೇದೋಜೀರಕದ ಕ್ಯಾನ್ಸರ್ ಇರಬಹುದು ಅಂದರು, ಇನ್ನೊಬ್ಬರು ಪಿತ್ತನಾಳದ್ದು ಅಂದರು, ನೆಂಟರೊಬ್ಬರು ಲಿವರ್ ಕ್ಯಾನ್ಸರೇ ಅನ್ನುತ್ತಿದ್ದಾರೆ. ಮನೆಯಲ್ಲಿ ನಾಟಿ ಔಷಧಿ ಶುರು ಮಾಡಿದ್ದಾರೆ. ರಕ್ತ ಪರೀಕ್ಷೆಯಿಂದಲೇ ಯಾವ ಕ್ಯಾನ್ಸರ್ ಅಂತ ಗೊತ್ತಾಗುವುದಿಲ್ಲವಾ? ಅಮ್ಮನಿಗೂ (57 ವರ್ಷ) ಇದೇ ಟ್ಯೂಮರ್ ಮಾರ್ಕರ್ ಪರೀಕ್ಷೆಗಳನ್ನು ಮಾಡಿಸಿಬಿಡೋಣವಾ? ಅವರಿಗೆ ಸುಸ್ತು ಬಿಟ್ಟರೆ ಬೇರೆ ತೊಂದರೆಯಿಲ್ಲ. ಹಿಮೋಗ್ಲೋಬಿನ್ 8.9 ಇದೆ, ಕಬ್ಬಿಣದ ಮಾತ್ರೆ ತಗೊಳ್ತಿದ್ದಾರೆ.

ಉತ್ತರ: ನೀವು ಕೇಳಿದ್ದಕ್ಕೆ ನೇರ ಉತ್ತರ: ಇಲ್ಲ, ರಕ್ತ ಪರೀಕ್ಷೆಯಿಂದ ಯಾವ ಕ್ಯಾನ್ಸರ್ ಅಂತ ಖಚಿತವಾಗುವುದಿಲ್ಲ. ಅಷ್ಟೇ ಅಲ್ಲ, ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದೂ ಈ ಅಂಕಿಗಳಿಂದ ಖಚಿತವಾಗುವುದಿಲ್ಲ. ಆದರೆ ನೀವು ಬರೆದಿರುವ ವಿವರಗಳಲ್ಲಿ ಬೇಕಾದಷ್ಟು ಸುಳಿವುಗಳಿವೆ. ನೀವು ಅಷ್ಟೊಂದು ತಲೆಕೆಡಿಸಿಕೊಂಡಿರುವ ಸಿಎ 19-9ರ 480ರಲ್ಲಿ ಇರುವುದಕ್ಕಿಂತ ಜಾಸ್ತಿ ಮಾಹಿತಿ ‘ಪಿತ್ತಕೋಶ ಊದಿದೆ’ ಎಂಬ ಒಂದು ಸಾಲಿನಲ್ಲಿದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಹೊಟ್ಟೆಯೊಳಗಿನ ದಾರಿ ತಿಳಿಯಬೇಕು. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ. ಲಿವರ್‌ನ ಎಡ, ಬಲ ಭಾಗಗಳಿಂದ ಎರಡು ನಾಳ ಹೊರಟು ಕೆಳಗೆ ಒಂದಾಗುತ್ತವೆ. ಹೀಗೆ ಒಂದಾದ ನಾಳಕ್ಕೆ ಪಕ್ಕದಿಂದ ಒಂದು ಕವಲು ಸೇರುತ್ತದೆ. ಅದರ ತುದಿಯಲ್ಲಿರುವುದೇ ಪಿತ್ತಕೋಶ. ಅಲ್ಲಿಂದ ಮುಂದೆ ನಾಳ ಕೆಳಗಿಳಿದು, ಮೇದೋಜೀರಕ ಗ್ರಂಥಿಯ ‘ತಲೆ’ ಅನ್ನುವ ಭಾಗದೊಳಗೆ ಹಾದು, ಮೇದೋಜೀರಕದ ಸ್ವಂತ ನಾಳದ ಜೊತೆ ಸೇರಿ, ಸಣ್ಣ ಕರುಳಿನ ಶುರುವಿನಲ್ಲಿರುವ ಒಂದು ಪುಟ್ಟ ಬಾಯಿಯಲ್ಲಿ ತೆರೆದುಕೊಳ್ಳುತ್ತದೆ. ಆ ಬಾಯಿಗೆ ಆಂಪುಲ್ಲಾ ಎನ್ನುತ್ತಾರೆ.

ಈ ದಾರಿಯಲ್ಲಿ ಎಲ್ಲೇ ಅಡ್ಡವಾದರೂ ಹೊರಗೆ ಕಾಣುವುದು ಒಂದೇ ರೀತಿ. ಪಿತ್ತ ಕರುಳಿಗೆ ಇಳಿಯದೆ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ, ಮಲ ಬಣ್ಣ ಕಳೆದುಕೊಂಡು ಬೂದು ಮಣ್ಣಿನ ಹಾಗಾಗುತ್ತದೆ, ಮೈಗೆ ನವೆ ಹತ್ತುತ್ತದೆ. ಮೇದೋಜೀರಕದ ತಲೆಯ ಕ್ಯಾನ್ಸರ್, ಪಿತ್ತನಾಳದ ಕ್ಯಾನ್ಸರ್, ಆಂಪುಲ್ಲಾದ ಕ್ಯಾನ್ಸರ್, ಪಿತ್ತಕೋಶದಿಂದ ನಾಳಕ್ಕೆ ಹಬ್ಬಿದ ಕ್ಯಾನ್ಸರ್, ಇವೆಲ್ಲ ಕಾಮಾಲೆಯಾಗಿಯೇ ಬರುತ್ತವೆ. ಇಬ್ಬರು ಡಾಕ್ಟರು ಎರಡು ಹೆಸರು ಹೇಳಿದ್ದಕ್ಕೆ ಕಾರಣ ಇದು. ಇಬ್ಬರೂ ಸುಳ್ಳು ಹೇಳಿಲ್ಲ. ಈ ಹಂತದಲ್ಲಿ ಎರಡೂ ಸಾಧ್ಯತೆಗಳಿವೆ.

ಈಗ ಆ ಊದಿದ ಪಿತ್ತಕೋಶಕ್ಕೆ ಬರೋಣ. ನಾಲೆಯ ಪಕ್ಕಕ್ಕೆ ಒಂದು ಕೆರೆ ಇದೆ, ನಾಲೆಯಿಂದ ಕೆರೆಗೆ ಒಂದು ತೂಬು ಇದೆ ಅಂದುಕೊಳ್ಳಿ. ತೂಬಿಗಿಂತ ಕೆಳಗೆ ನಾಲೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ತುಂಬಿ ಕೆರೆ ಉಬ್ಬುತ್ತದೆ. ತೂಬಿಗಿಂತ ಮೇಲೆ ಕಟ್ಟಿಕೊಂಡರೆ ಕೆರೆ ಬತ್ತುತ್ತದೆ. ನಿಮ್ಮ ತಂದೆಯವರ ಪಿತ್ತಕೋಶ ಊದಿದೆ ಅಂದರೆ ಅಡ್ಡವಿರುವುದು ಬಹುಮಟ್ಟಿಗೆ ಕೆಳಗೆ, ಅಂದರೆ ನಾಳದ ಕೆಳಭಾಗದಲ್ಲಿ, ಮೇದೋಜೀರಕದ ತಲೆಯಲ್ಲಿ, ಇಲ್ಲವೇ ಆಂಪುಲ್ಲಾದಲ್ಲಿ. ಲಿವರ್‌ನ ಬಾಗಿಲಲ್ಲೇ ಎರಡು ನಾಳ ಸೇರುವ ಜಾಗದ ಕ್ಯಾನ್ಸರ್ ಆಗಿದ್ದರೆ ಪಿತ್ತಕೋಶ ಖಾಲಿಯಾಗಿ ಸುಕ್ಕುಗಟ್ಟಿರುತ್ತಿತ್ತು, ಲಿವರ್ ಒಳಗಿನ ನಾಳಗಳು ಮಾತ್ರ ಹಿಗ್ಗಿರುತ್ತಿದ್ದವು. ಆ ಜಾಗದ ಗಡ್ಡೆಗೆ ಲಿವರ್‌ನ ಒಂದು ಭಾಗವನ್ನೇ ತೆಗೆಯಬೇಕಾಗುತ್ತದೆ. ಆಪರೇಷನ್ನೇ ಬೇರೆ. ಹಾಗಾಗಿ ಈ ವ್ಯತ್ಯಾಸ ಸಣ್ಣದಲ್ಲ.

ಕಾಮಾಲೆ ಇದ್ದು, ನೋವಿಲ್ಲದೆ ಪಿತ್ತಕೋಶ ಊದಿ ಕೈಗೆ ಸಿಗುತ್ತಿದ್ದರೆ ಅದಕ್ಕೆ ಕಲ್ಲು ಕಾರಣವಾಗಿರುವುದು ಅಪರೂಪ ಎಂದು ಸ್ವಿಟ್ಜರ್ಲೆಂಡಿನ ಸರ್ಜನ್ ಕೂರ್ವಾಸಿಯೇ 1890ರಲ್ಲೇ ಬರೆದರು. ಕಲ್ಲಿನ ತೊಂದರೆ ವರ್ಷಗಟ್ಟಲೆ ಇದ್ದರೆ ಪಿತ್ತಕೋಶದ ಗೋಡೆ ದಪ್ಪಗಾಗಿ ಗಟ್ಟಿಯಾಗುತ್ತದೆ, ಹಿಗ್ಗುವ ಗುಣ ಹೋಗುತ್ತದೆ. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಬರೀ ಕೈಯಿಂದ ಮುಟ್ಟಿ ಕಂಡುಕೊಂಡ ಸಂಗತಿ ಇದು. ಇದಕ್ಕೂ ಅಪವಾದಗಳಿವೆ. ಆದರೂ ಇವತ್ತಿಗೂ ಹೊಟ್ಟೆ ಮುಟ್ಟಿ ನೋಡುವಾಗ ನಾವು ಬಲಗಡೆ ಪಕ್ಕೆಲುಬಿನ ಕೆಳಗೆ ಅದನ್ನೇ ಹುಡುಕುತ್ತೇವೆ.

ನೋವಿನ ವಿಚಾರ. ಪಿತ್ತದ ಕಲ್ಲು ನಾಳಕ್ಕೆ ಜಾರಿ ಸಿಕ್ಕಿಕೊಂಡರೆ ಮೇಲುಹೊಟ್ಟೆಯಲ್ಲಿ ಜೋರು ನೋವು ಬರುತ್ತದೆ, ವಾಂತಿಯಾಗುತ್ತದೆ, ಎಷ್ಟೋ ಸಲ ಚಳಿಜ್ವರ ಬರುತ್ತದೆ. ಕಲ್ಲು ಸರಿದಾಗ ಕಾಮಾಲೆ ಇಳಿಯುತ್ತದೆ, ಮತ್ತೆ ಸಿಕ್ಕಿದಾಗ ಏರುತ್ತದೆ. ಪಿತ್ತದ ಹಳದಿ ಅಂಶವಾದ ಬಿಲಿರುಬಿನ್ ಸಾಮಾನ್ಯವಾಗಿ ತೀರಾ ಮೇಲಕ್ಕೆ ಹೋಗುವುದಿಲ್ಲ. ಗಡ್ಡೆ ಹಾಗಲ್ಲ. ಅದು ನಿಧಾನವಾಗಿ ಒತ್ತುತ್ತಾ ಹೋಗುತ್ತದೆ, ಹಳದಿ ದಿನದಿಂದ ದಿನಕ್ಕೆ ಏರುತ್ತಲೇ ಇರುತ್ತದೆ. ‘ನೋವಿಲ್ಲವಲ್ಲ, ದೊಡ್ಡದೇನಿರಲಿಕ್ಕಿಲ್ಲ’ ಅಂತ ಸಮಾಧಾನ ಮಾಡಿಕೊಳ್ಳುವವರು ಬಹಳ ಮಂದಿ. ಈ ವಯಸ್ಸಿನಲ್ಲಿ ನೋವಿಲ್ಲದ ಕಾಮಾಲೆಗೇ ಜಾಸ್ತಿ ಹೆದರಬೇಕು.

ಕೆಳಭಾಗದ ಮೂರು ಕ್ಯಾನ್ಸರ್‌ಗಳಲ್ಲಿ ಲಕ್ಷಣ ನೋಡಿ ಯಾವುದು ಅಂತ ಊಹಿಸಬಹುದಾ? ಸ್ವಲ್ಪ ಮಟ್ಟಿಗೆ. ಮೇದೋಜೀರಕದ ತಲೆಯ ಕ್ಯಾನ್ಸರ್ ಬರುವಾಗ ಕಾಮಾಲೆಗೆ ಮುಂಚೆಯೇ ಬೇರೆ ಸೂಚನೆಗಳು ಬಂದಿರುತ್ತವೆ. ತೂಕ ಇಳಿಯುತ್ತದೆ, ಊಟ ಸೇರುವುದಿಲ್ಲ, ಮೇಲುಹೊಟ್ಟೆಯ ಮಂದ ನೋವು ಬೆನ್ನಿಗೆ ಹೋಗುತ್ತದೆ. ಈ ನೋವು ಅಂಗಾತ ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಕಮ್ಮಿ. ಗ್ರಂಥಿಯ ರಸ ಕರುಳಿಗೆ ಬರದಿದ್ದರೆ ಎಣ್ಣೆ, ತುಪ್ಪದ ಕೊಬ್ಬು ಅರಗದೆ ಮಲ ಜಿಡ್ಡಾಗಿ ತೇಲುತ್ತದೆ, ಎಷ್ಟು ನೀರು ಹಾಕಿದರೂ ಕಕ್ಕಸಿನ ಗುಂಡಿಗೆ ಅಂಟಿಕೊಳ್ಳುತ್ತದೆ. ಇದನ್ನು ತಂದೆಯವರು ತಾವಾಗಿ ಹೇಳಲಾರರು, ನೀವೇ ಕೇಳಿ. ಬೆನ್ನು ಹಿಡಿದಿದೆ ಅನ್ನುತ್ತಿದ್ದಾರಲ್ವಾ, ಮಲಗಿದಾಗ ಹೇಗೆ, ಕೂತಾಗ ಹೇಗೆ ಅಂತಲೂ ಕೇಳಿ. ತೋಟದ ಕೆಲಸ ಮಾಡುವವರ ಬೆನ್ನುನೋವು ಸಾಮಾನ್ಯವಾಗಿ ಬಗ್ಗಿದಾಗ ಜಾಸ್ತಿಯಾಗುತ್ತದೆ, ಮಲಗಿದರೆ ಹಗುರಾಗುತ್ತದೆ. ಮೇದೋಜೀರಕದ ನೋವು ಇದಕ್ಕೆ ತಿರುವುಮುರುವು.

ಆರು ತಿಂಗಳ ಹಿಂದೆ ಬಂದ ಶುಗರ್ ಕೂಡ ಇದೇ ಕಡೆಗೆ ಬೆರಳು ತೋರಿಸುತ್ತದೆ. ಮೇದೋಜೀರಕದ ಕ್ಯಾನ್ಸರ್ ಇರುವವರಲ್ಲಿ ಎಷ್ಟೋ ಜನರಿಗೆ ಗಡ್ಡೆ ಪತ್ತೆಯಾಗುವ ಒಂದೆರಡು ವರ್ಷದೊಳಗೆ ಹೊಸದಾಗಿ ಡಯಾಬಿಟಿಸ್ ಶುರುವಾಗಿರುತ್ತದೆ. ಸಾಮಾನ್ಯ ಡಯಾಬಿಟಿಸ್ ಬೊಜ್ಜಿನ ಜೊತೆ ಬರುತ್ತದೆ, ಇದು ತೂಕ ಇಳಿಯುವಾಗ ಬರುತ್ತದೆ. ಇದನ್ನು ಓದುವ ಬೇರೆಯವರು ಗಾಬರಿಯಾಗಬೇಡಿ. 50 ದಾಟಿದ ಮೇಲೆ ಹೊಸದಾಗಿ ಶುಗರ್ ಬಂದವರಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುವುದು ನೂರರಲ್ಲಿ ಒಬ್ಬರಿಗೂ ಕಮ್ಮಿ. ಶುಗರ್ ಒಂದೇ ಇದ್ದರೆ ಅದು ಶುಗರ್ ಅಷ್ಟೆ. ಶುಗರ್, ತೂಕ ಇಳಿಕೆ, ಕಾಮಾಲೆ ಮೂರೂ ಕೂಡಿದಾಗ ಅರ್ಥ ಬೇರೆಯಾಗುತ್ತದೆ.

ಆಂಪುಲ್ಲಾದ ಕ್ಯಾನ್ಸರ್‌ನ ನಡವಳಿಕೆ ಬೇರೆ. ಜಾಗ ಚಿಕ್ಕದು, ಆದ್ದರಿಂದ ಗಡ್ಡೆ ಸಣ್ಣದಿರುವಾಗಲೇ ನಾಳ ಕಟ್ಟಿ ಕಾಮಾಲೆ ಬರುತ್ತದೆ, ರೋಗ ಬೇಗ ಪತ್ತೆಯಾಗುತ್ತದೆ. ಗಡ್ಡೆಯ ಮೇಲ್ಭಾಗ ಆಗಾಗ ಕೊಳೆತು ಉದುರಿದಾಗ ದಾರಿ ಸ್ವಲ್ಪ ತೆರೆದು ಕಾಮಾಲೆ ಇಳಿಯಬಹುದು, ಆಮೇಲೆ ಮತ್ತೆ ಏರುತ್ತದೆ. ಹಾಗೆ ಉದುರುವಾಗ ರಕ್ತವೂ ಜಿನುಗುತ್ತದೆ, ಹಿಮೋಗ್ಲೋಬಿನ್ ಕುಸಿಯುತ್ತದೆ. ಬಣ್ಣವಿಲ್ಲದ ಮಲಕ್ಕೆ ಕಪ್ಪು ರಕ್ತ ಬೆರೆತು ಬೆಳ್ಳಿಯ ಬಣ್ಣದ ಮಲ ಬರುತ್ತದೆ ಅಂತ ಪುಸ್ತಕಗಳಲ್ಲಿದೆ. ಅದು ಅಪರೂಪ. ಆದರೆ ಏರಿಳಿಯುವ ಕಾಮಾಲೆಯ ಜೊತೆ ರಕ್ತಹೀನತೆ ಇದ್ದರೆ ಮೊದಲು ಆಂಪುಲ್ಲಾ ನೋಡಬೇಕು. ತಂದೆಯವರ ಹಿಮೋಗ್ಲೋಬಿನ್ ನೀವು ಬರೆದಿಲ್ಲ. ವರದಿಯಲ್ಲಿ ಇದ್ದೇ ಇರುತ್ತದೆ, ನೋಡಿ. ಇವತ್ತಿನಿಂದ ದಿನಾ ಮಲದ ಬಣ್ಣ, ಮೂತ್ರದ ಬಣ್ಣ ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಪಿತ್ತನಾಳದ ಕೆಳಭಾಗದ ಕ್ಯಾನ್ಸರ್ ಮಾತ್ರ ಲಕ್ಷಣದಲ್ಲಿ ಮೇದೋಜೀರಕದ್ದರಿಂದ ಬೇರೆಯಾಗಿ ಕಾಣುವುದೇ ಇಲ್ಲ ಅಂದರೂ ನಡೆಯುತ್ತದೆ.

ಪಿತ್ತಕೋಶದ ಕ್ಯಾನ್ಸರ್ ನಮ್ಮ ದೇಶದಲ್ಲಿ ಗಂಗಾ ಬಯಲಿನ ರಾಜ್ಯಗಳಲ್ಲಿ, ಅಸ್ಸಾಮಿನಲ್ಲಿ ಜಾಸ್ತಿ, ದಕ್ಷಿಣದಲ್ಲಿ ಕಮ್ಮಿ. ಹೆಂಗಸರಲ್ಲಿ, ಕಲ್ಲಿದ್ದವರಲ್ಲಿ ಹೆಚ್ಚು. ಅದಾಗಿದ್ದರೆ ಅಲ್ಟ್ರಾಸೌಂಡ್‌ನಲ್ಲಿ ಪಿತ್ತಕೋಶದ ಗೋಡೆಯಲ್ಲೇ ಗಡ್ಡೆಯೋ ದಪ್ಪವೋ ಕಾಣುವುದು ವಾಡಿಕೆ.

ನಿಮ್ಮ ನೆಂಟರು ಹೇಳುವ ಲಿವರ್ ಕ್ಯಾನ್ಸರ್ ಸಾಧ್ಯತೆ ಕಮ್ಮಿ. ಲಿವರ್‌ನದೇ ಕೋಶಗಳಿಂದ ಹುಟ್ಟುವ ಕ್ಯಾನ್ಸರ್ ಸಾಮಾನ್ಯವಾಗಿ ಹೆಪಟೈಟಿಸ್ ಬಿ, ಸಿ, ಕುಡಿತ ಅಥವಾ ಕೊಬ್ಬಿನಿಂದ ಗಾಯವಾಗಿ ಗಂಟುಕಟ್ಟಿದ ಲಿವರ್‌ನಲ್ಲಿ ಬರುತ್ತದೆ. ಅದು ಕೆಳಗಿನ ಪಿತ್ತನಾಳ, ಪಿತ್ತಕೋಶಗಳನ್ನು ಹೀಗೆ ಊದಿಸುವುದಿಲ್ಲ. ಲಿವರ್ ಕ್ಯಾನ್ಸರ್‌ನ ಸುಳಿವಿಗೆ ನೋಡುವ ಎಎಫ್‌ಪಿ 3 ಎನ್ನುವುದು ಸಹಜ ಮಟ್ಟ. ಆದರೆ ಎಎಫ್‌ಪಿ ಸಹಜವಾಗಿದೆ ಅಂದ ಮಾತ್ರಕ್ಕೆ ಲಿವರ್ ಕ್ಯಾನ್ಸರ್ ಇಲ್ಲ ಎನ್ನುವ ಹಾಗಿಲ್ಲ. ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಏರುವುದೇ ಇಲ್ಲ. ಇಲ್ಲಿ ನಾನು ನಂಬುವುದು ಎಎಫ್‌ಪಿಯನ್ನಲ್ಲ, ಸ್ಕ್ಯಾನನ್ನು.

ಇನ್ನು ರಕ್ತದ ವರದಿ. ಬಿಲಿರುಬಿನ್, ಎಎಲ್‌ಪಿ, ಎಸ್‌ಜಿಪಿಟಿ ಈ ಮೂರನ್ನು ಒಟ್ಟಿಗೆ ಓದಬೇಕು. ಹೆಪಟೈಟಿಸ್ ಎ ಥರದ ವೈರಸ್ ಕಾಮಾಲೆಯಲ್ಲಿ ಲಿವರ್ ಕೋಶಗಳೇ ಒಡೆಯುತ್ತವೆ. ಆಗ ಎಸ್‌ಜಿಪಿಟಿ ಎಷ್ಟೋ ಸಲ ಸಾವಿರ ದಾಟುತ್ತದೆ, ಎಎಲ್‌ಪಿ ಅಷ್ಟಾಗಿ ಏರುವುದಿಲ್ಲ. ನಿಮ್ಮ ತಂದೆಯವರಲ್ಲಿ ಎಸ್‌ಜಿಪಿಟಿ ಬರೀ 140, ಎಎಲ್‌ಪಿ ಮಾತ್ರ ಸಹಜಕ್ಕಿಂತ ಐದಾರು ಪಟ್ಟು. ನಾಳ ಕಟ್ಟಿದ ಕಾಮಾಲೆಯ ಚಿತ್ರ ಇದೇ. ಎಎಲ್‌ಪಿ ಎಲುಬಿನಿಂದಲೂ ಬರುತ್ತದೆ, ಜಿಜಿಟಿ ಎಂಬ ಇನ್ನೊಂದು ಪರೀಕ್ಷೆಯೂ ಏರಿದ್ದರೆ ಅದು ಲಿವರ್ ಅಥವಾ ಪಿತ್ತನಾಳದ ಕಡೆಯದ್ದು ಅಂತ ಬಹುಮಟ್ಟಿಗೆ ಖಾತ್ರಿ. ಈ ಪರೀಕ್ಷೆಗಳು ‘ಕಟ್ಟಿದೆ’ ಅನ್ನುವುದನ್ನು ಚೆನ್ನಾಗಿ ಹೇಳುತ್ತವೆ. ‘ಯಾವುದು ಕಟ್ಟಿದೆ’ ಅನ್ನುವುದು ಅವುಗಳ ಕೈಲಾಗದ ಕೆಲಸ.

ನಾಟಿ ಔಷಧಿಯ ಬಗ್ಗೆ ಇಲ್ಲೇ ಹೇಳಬೇಕು. ನಮ್ಮ ಊರುಗಳಲ್ಲಿ ಕಾಮಾಲೆ ಅಂದ ತಕ್ಷಣ ನೆಲನೆಲ್ಲಿ ಅರೆದು ಕೊಡುವುದು, ಎಣ್ಣೆ, ಖಾರ ಬಿಡಿಸುವುದು ವಾಡಿಕೆ. ಹುಡುಗರಲ್ಲಿ, ಪ್ರಾಯದವರಲ್ಲಿ ಬರುವ ಹೆಪಟೈಟಿಸ್ ಎ ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಔಷಧಿ ಕೊಟ್ಟವರಿಗೆ ಅದರ ಹೆಸರು ಬರುತ್ತದೆ. ಆ ನಂಬಿಕೆಯಲ್ಲೇ 61 ವರ್ಷದವರ ನಾಳ ಕಟ್ಟಿದ ಕಾಮಾಲೆಗೂ ಅದನ್ನೇ ಕೊಡುತ್ತಾರೆ. ಯಾವ ಸೊಪ್ಪಿನ ರಸವೂ ಕಟ್ಟಿದ ನಾಳವನ್ನು ಬಿಡಿಸುವುದಿಲ್ಲ. ಆಪರೇಷನ್ ಮಾಡಬಹುದಾದ ಗಡ್ಡೆ ಪಥ್ಯ ಮಾಡುತ್ತಾ ಕೂತ ವಾರಗಳಲ್ಲಿ ಕೈಮೀರಿ ಹೋಗುವುದನ್ನು ಈ ಕೆಲಸದಲ್ಲಿರುವ ಎಲ್ಲರೂ ನೋಡಿದ್ದೇವೆ. ಮನೆಯ ಹಿರಿಯರ ಜೊತೆ ಜಗಳ ಬೇಡ. ‘ಇದು ಆ ಕಾಮಾಲೆ ಅಲ್ಲ, ಸ್ಕ್ಯಾನ್‌ನಲ್ಲಿ ನಾಳ ಕಟ್ಟಿರೋದು ಕಂಡಿದೆ’ ಅಂತ ವರದಿ ತೋರಿಸಿ ಹೇಳಿ. ಪಥ್ಯದ ಹೆಸರಲ್ಲಿ ಊಟ ಕಟ್ಟುವುದನ್ನಂತೂ ಇವತ್ತೇ ನಿಲ್ಲಿಸಿ. 7 ಕೆಜಿ ಇಳಿದವರಿಗೆ ಈಗ ಬೇಕಾದ್ದು ಶಕ್ತಿ.

ಸಿಎ 19-9 ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಇದರಷ್ಟು ತಪ್ಪಾಗಿ ಓದಲಾಗುವ ಪರೀಕ್ಷೆ ನಮ್ಮ ವಿಭಾಗದಲ್ಲಿ ಇನ್ನೊಂದಿಲ್ಲ. ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹಿಲರಿ ಕೊಪ್ರೌಸ್ಕಿ ಮತ್ತು ಜೊತೆಗಾರರು 1979ರಲ್ಲಿ ಇದನ್ನು ಗುರುತಿಸುವ ಪ್ರತಿಕಾಯದ (ಒಂದು ವಸ್ತುವನ್ನೇ ಹುಡುಕಿ ಅಂಟಿಕೊಳ್ಳುವ ಪ್ರೋಟೀನಿನ) ಬಗ್ಗೆ ಪ್ರಕಟಿಸಿದರು. ಅವರು ಕೆಲಸ ಮಾಡುತ್ತಿದ್ದದ್ದು ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ. ಅಂದರೆ ಹುಟ್ಟಿನಿಂದಲೇ ಇದು ಮೇದೋಜೀರಕಕ್ಕೆ ಮಾತ್ರ ಸೇರಿದ್ದಲ್ಲ. ಇದು ಒಂದು ಬಗೆಯ ಸಕ್ಕರೆಯ ಸರಪಳಿ. ಮೇದೋಜೀರಕ, ಪಿತ್ತನಾಳ, ಜಠರ, ಕರುಳು ಇವುಗಳ ಆರೋಗ್ಯವಂತ ಒಳಪದರವೂ ಇದನ್ನು ಸ್ವಲ್ಪ ಸ್ವಲ್ಪ ತಯಾರಿಸುತ್ತದೆ. ಹೀಗೆ ತಯಾರಾದದ್ದು ಪಿತ್ತರಸದ ಜೊತೆ ಕರುಳಿಗೆ ಹೋಗುತ್ತದೆ. ನಾಳ ಕಟ್ಟಿದರೆ? ಹೋಗಲು ದಾರಿಯಿಲ್ಲದೆ ರಕ್ತಕ್ಕೆ ಸೇರುತ್ತದೆ. ಜೊತೆಗೆ ಕೆರಳಿದ ಒಳಪದರ ಇನ್ನೂ ಜಾಸ್ತಿ ತಯಾರಿಸುತ್ತದೆ. ಸಹಜ ಮಿತಿ 37 ಯೂನಿಟ್. ಬರೀ ಕಲ್ಲಿನಿಂದ ನಾಳ ಕಟ್ಟಿ ಸೋಂಕಾದವರಲ್ಲೂ ಇದು ನೂರಾರು, ಕೆಲವೊಮ್ಮೆ ಸಾವಿರಾರು ಆಗುತ್ತದೆ. ಕಲ್ಲು ತೆಗೆದ ಮೇಲೆ ಸಹಜಕ್ಕೆ ಇಳಿಯುತ್ತದೆ.

ಹಾಗಾಗಿ ಬಿಲಿರುಬಿನ್ 14.2 ಇರುವಾಗ ಬಂದ 480ರಿಂದ ‘ಕ್ಯಾನ್ಸರ್ ಇದೆ’ ಅಂತಲೂ ಹೇಳಲಾಗದು, ‘ಇಂಥದ್ದೇ’ ಅಂತಲೂ ಹೇಳಲಾಗದು. ಮೇದೋಜೀರಕ, ಪಿತ್ತನಾಳ, ಆಂಪುಲ್ಲಾ, ಪಿತ್ತಕೋಶ ನಾಲ್ಕರಲ್ಲೂ ಇದು ಏರುತ್ತದೆ. ಜಠರ, ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲೂ ಏರಬಹುದು. ಇನ್ನೊಂದು ಕಡೆ, ನೂರರಲ್ಲಿ ಐದರಿಂದ ಹತ್ತು ಜನರ ದೇಹಕ್ಕೆ ಈ ಸರಪಳಿಯನ್ನು ಕಟ್ಟುವ ಶಕ್ತಿಯೇ ಇರುವುದಿಲ್ಲ. ಅದು ರಕ್ತದ ಗುಂಪಿನ ಹಾಗೆ ಹುಟ್ಟಿನಿಂದ ಬರುವ ಗುಣ. ಅಂಥವರಲ್ಲಿ ದೊಡ್ಡ ಗಡ್ಡೆ ಇದ್ದರೂ ಸಿಎ 19-9 ಏರುವುದಿಲ್ಲ. ನಾರ್ಮಲ್ ಬಂತು ಅಂತ ಬಿಟ್ಟರೆ ರೋಗ ಒಳಗೇ ಬೆಳೆಯುತ್ತದೆ.

ಹಾಗಾದರೆ ಸುಮ್ನೆ ಮಾಡಿಸಿದ್ದಾ? ಹಾಗಲ್ಲ. ಕಟ್ಟಿದ ನಾಳ ಬಿಡಿಸಿ, ಬಿಲಿರುಬಿನ್ ಸಹಜಕ್ಕೆ ಹತ್ತಿರ ಬಂದ ಮೇಲೆ ಮತ್ತೆ ಮಾಡಿಸಿದಾಗ ಆ ಅಂಕಿಗೆ ಬೆಲೆ ಬರುತ್ತದೆ. ಆಗಲೂ ಇಳಿಯದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆಗಲೂ ಸಾವಿರದ ಮೇಲಿದ್ದರೆ ಸ್ಕ್ಯಾನ್‌ನಲ್ಲಿ ಕಾಣದ ಹಾಗೆ ಹಬ್ಬಿರಬಹುದೇ ಅಂತ ಯೋಚಿಸಿ, ದೊಡ್ಡ ಆಪರೇಷನ್‌ಗೆ ಮುಂಚೆ ಲ್ಯಾಪ್ರೋಸ್ಕೋಪಿಯಲ್ಲಿ ಒಳಗೆ ನೋಡುವುದುಂಟು. ಚಿಕಿತ್ಸೆಯ ನಂತರ ರೋಗ ಮರುಕಳಿಸಿದೆಯೇ ಅಂತ ಗಮನಿಸಲು ಇದು ಒಳ್ಳೆಯ ಸಾಧನ.

ಹೆಚ್ಚಾಗಿ ಕರುಳಿನ ಕ್ಯಾನ್ಸರ್‌ನಲ್ಲಿ ನೋಡುವ ಮಾರ್ಕರ್ ಸಿಇಎ. ಅದರ 6.1ಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಸಹಜ ಮಿತಿ 5ರ ಆಸುಪಾಸು. ಬೀಡಿ, ಸಿಗರೇಟು ಸೇದುವವರಲ್ಲಿ ಅದು ಹೇಗೂ ಸ್ವಲ್ಪ ಮೇಲಿರುತ್ತದೆ. ಬೀಡಿ ಮಾತ್ರ ಇವತ್ತೇ ಬಿಡಿಸಿ. ತಂಬಾಕು ಮೇದೋಜೀರಕದ ಕ್ಯಾನ್ಸರ್‌ಗೆ ಗೊತ್ತಿರುವ ಕಾರಣಗಳಲ್ಲಿ ಒಂದು, ಅಲ್ಲದೆ ಸೇದುವವರ ಶ್ವಾಸಕೋಶ ದೊಡ್ಡ ಆಪರೇಷನ್ ತಡೆದುಕೊಳ್ಳುವುದು ಕಷ್ಟ.

ಎರಡು ಪರೀಕ್ಷೆ ನಿಮ್ಮ ಪಟ್ಟಿಯಲ್ಲಿಲ್ಲ, ಇರಬೇಕಿತ್ತು. ಒಂದು ಪಿಟಿ-ಐಎನ್ಆರ್. ಪಿತ್ತ ಕರುಳಿಗೆ ಬರದಿದ್ದರೆ ವಿಟಮಿನ್ ಕೆ ದೇಹಕ್ಕೆ ಸೇರುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಯಾವುದೇ ಸೂಜಿ, ಸ್ಟೆಂಟ್ (ಕಟ್ಟಿದ ನಾಳ ತೆರೆದಿಡಲು ಒಳಗೆ ಹಾಕುವ ಸಣ್ಣ ಕೊಳವೆ), ಆಪರೇಷನ್‌ಗೆ ಮುಂಚೆ ಇದನ್ನು ನೋಡಿ, ಬೇಕಿದ್ದರೆ ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತಾರೆ. ಇನ್ನೊಂದು ಐಜಿಜಿ4 ಎಂಬ ಪ್ರತಿಕಾಯದ ಮಟ್ಟ. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕದ ಮೇಲೆ ಬಿದ್ದು ಅದನ್ನು ಊದಿಸುವ ಒಂದು ಕಾಯಿಲೆಯಿದೆ. ನೋವಿಲ್ಲದ ಕಾಮಾಲೆ, ತೂಕ ಇಳಿಕೆ, ಹೊಸ ಶುಗರ್, ವಯಸ್ಸಾದ ಗಂಡಸು, ಎಲ್ಲವೂ ಕ್ಯಾನ್ಸರ್ ಥರವೇ. ಆದರೆ ಅದು ಸ್ಟೀರಾಯ್ಡ್ ಮಾತ್ರೆಗೆ ಕರಗುತ್ತದೆ! ಇದರಲ್ಲಿ ಐಜಿಜಿ4 ಏರುತ್ತದೆ ಎಂದು ಜಪಾನಿನ ವೈದ್ಯರು 2001ರಲ್ಲಿ ತೋರಿಸಿಕೊಟ್ಟರು. ಸಹಜಕ್ಕಿಂತ ಎರಡು ಪಟ್ಟು ಮೀರಿದ್ದರೆ, ಸ್ಕ್ಯಾನ್‌ನಲ್ಲಿ ಗ್ರಂಥಿ ಪೂರ್ತಿ ಊದಿದ್ದರೆ ಈ ಕಾಯಿಲೆಯನ್ನು ಗಂಭೀರವಾಗಿ ಪರಿಗಣಿಸಬೇಕು. ಸ್ವಲ್ಪವೇ ಏರಿದ್ದರೆ ಸಾಲದು, ಕೆಲವು ಕ್ಯಾನ್ಸರ್ ರೋಗಿಗಳಲ್ಲೂ ಅಷ್ಟು ಏರುತ್ತದೆ. ನಮ್ಮ ದೇಶದಲ್ಲಿ ನಾಳದ ಪಕ್ಕದ ದುಗ್ಧಗ್ರಂಥಿಗಳಿಗೆ ಕ್ಷಯ ಬಂದು ಊದಿ ಪಿತ್ತನಾಳ ಒತ್ತುವುದೂ ಅಪರೂಪಕ್ಕೆ ಉಂಟು. ಹೆಸರು ಇಡುವುದಕ್ಕೆ ಮುಂಚೆ ಇವೆರಡನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಹೆಸರು ಸಿಗುವುದು ಮುಂದಿನ ಹಂತದಲ್ಲಿ. ಮೊದಲು ಮೇದೋಜೀರಕಕ್ಕೆಂದೇ ಹೊಂದಿಸಿ ಮಾಡುವ ಸಿಟಿ ಸ್ಕ್ಯಾನ್. ಬಣ್ಣದ ಔಷಧಿ ರಕ್ತನಾಳಕ್ಕೆ ಕೊಟ್ಟು, ಬೇರೆ ಬೇರೆ ಹೊತ್ತಿನಲ್ಲಿ ಚಿತ್ರ ತೆಗೆಯುತ್ತಾರೆ. ಮೂತ್ರಪಿಂಡ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ನೋಡಿಕೊಂಡು ಮಾಡಿಸಿ. ಪಿತ್ತನಾಳ, ಮೇದೋಜೀರಕದ ನಾಳ ಎರಡೂ ಹಿಗ್ಗಿದ್ದರೆ ಅಡ್ಡವಿರುವುದು ಗ್ರಂಥಿಯ ತಲೆಯಲ್ಲಿ ಅಥವಾ ಆಂಪುಲ್ಲಾದಲ್ಲಿ. ಪಿತ್ತನಾಳ ಒಂದೇ ಹಿಗ್ಗಿ, ಮೇದೋಜೀರಕದ ನಾಳ ಸಣ್ಣಗಿದ್ದರೆ ಪಿತ್ತನಾಳದ ಕ್ಯಾನ್ಸರ್ ಕಡೆಗೆ ವಾಲುತ್ತೇವೆ. ಗಡ್ಡೆ ಪಕ್ಕದ ದೊಡ್ಡ ರಕ್ತನಾಳಗಳನ್ನು ಸುತ್ತಿದೆಯೇ, ಲಿವರ್‌ಗೆ ಹೋಗಿದೆಯೇ ಅಂತಲೂ ಇದರಲ್ಲೇ ಗೊತ್ತಾಗುತ್ತದೆ. ಆಂಪುಲ್ಲಾವನ್ನು ಪಕ್ಕಕ್ಕೆ ನೋಡುವ ಎಂಡೋಸ್ಕೋಪಿನಲ್ಲಿ ಕಣ್ಣಾರೆ ನೋಡಿ ಚೂರು ತೆಗೆಯಬಹುದು. ಮೇದೋಜೀರಕದ್ದಾದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಸೂಜಿ ಹಾಕಿ ತೆಗೆಯುತ್ತಾರೆ. ಪಿತ್ತನಾಳದ ಒಳಗೆ ಬ್ರಷ್ ಹಾಕಿ ತೆಗೆದ ಮಾದರಿಯಲ್ಲಿ ಕ್ಯಾನ್ಸರ್ ಕಾಣದಿದ್ದರೆ ‘ಇಲ್ಲ’ ಅಂತ ಅರ್ಥವಲ್ಲ, ಆ ಪರೀಕ್ಷೆಯಿಂದ ಕ್ಯಾನ್ಸರ್ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ.

ಇಲ್ಲೊಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ: ಸ್ಟೆಂಟ್ ಹಾಕುವುದಕ್ಕೆ ಮುಂಚೆ ಸಿಟಿ ಆಗಬೇಕು. ಸ್ಟೆಂಟ್ ಹಾಕಿದ ಮೇಲೆ ಸುತ್ತಲೂ ಬಾವು ಬಂದು ಚಿತ್ರ ಮಸುಕಾಗುತ್ತದೆ, ಸಣ್ಣ ಗಡ್ಡೆ ಕಾಣದೇ ಹೋಗಬಹುದು. ಕಾಮಾಲೆ ಇದೆ ಅಂದ ಮಾತ್ರಕ್ಕೆ ಎಲ್ಲರಿಗೂ ಸ್ಟೆಂಟ್ ಬೇಕಾಗಿಯೂ ಇಲ್ಲ. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ಬಿಲಿರುಬಿನ್ ಸುಮಾರು 14.6ರ ಒಳಗಿದ್ದವರಲ್ಲಿ ಮೊದಲು ಸ್ಟೆಂಟ್ ಹಾಕಿ ಆಮೇಲೆ ಆಪರೇಷನ್ ಮಾಡಿದವರಿಗಿಂತ, ನೇರ ಆಪರೇಷನ್ ಆದವರಿಗೆ ತೊಡಕುಗಳು ಕಮ್ಮಿಯಿದ್ದವು. ತೀವ್ರ ತೊಡಕು ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ 74, ನೇರ ಆಪರೇಷನ್ ಗುಂಪಿನಲ್ಲಿ 39. ನಿಮ್ಮ ತಂದೆಯವರ ಅಂಕಿ ಆ ಮಿತಿಯ ಅಂಚಿನಲ್ಲಿದೆ, ಏರುತ್ತಲೂ ಇರಬಹುದು. ಸೋಂಕು ಇದ್ದರೆ, ಆಪರೇಷನ್ ತಡವಾಗುವುದಿದ್ದರೆ, ಮೊದಲು ಕೀಮೋ ಕೊಡಬೇಕಿದ್ದರೆ ಸ್ಟೆಂಟ್ ಬೇಕೇ ಬೇಕು. ಸರ್ಜನ್ ಜೊತೆ ಈ ಪ್ರಶ್ನೆ ಎತ್ತಿ. ಚಳಿ ನಡುಗಿ ಜ್ವರ ಬಂದರೆ ಮಾತ್ರ ಯಾವ ಚರ್ಚೆಯೂ ಬೇಡ, ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಕಟ್ಟಿದ ನಾಳದಲ್ಲಿ ಸೋಂಕಾದರೆ ಗಂಟೆಗಳಲ್ಲಿ ಪರಿಸ್ಥಿತಿ ಬಿಗಡಾಯಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಮೇದೋಜೀರಕದ್ದೋ ಪಿತ್ತನಾಳದ್ದೋ ಅಂತ ತೀರ್ಮಾನವಾಗದೆ ಉಳಿಯಬಹುದು. ಸೂಜಿಯಲ್ಲಿ ಬಂದ ಕೋಶಗಳು ಎರಡರಲ್ಲೂ ಒಂದೇ ಥರ ಕಾಣುತ್ತವೆ. ಆಪರೇಷನ್ ಆದ ಮೇಲೆ ಪ್ಯಾಥಾಲಜಿಸ್ಟ್ ಇಡೀ ಭಾಗವನ್ನು ಸೀಳಿ ನೋಡಿ, ಗಡ್ಡೆಯ ನಡುಬಿಂದು ಎಲ್ಲಿದೆ ಅಂತ ಗುರುತಿಸಿದಾಗಲೇ ಹೆಸರು ಖಚಿತವಾಗುವುದು. ಇದರಿಂದ ಚಿಕಿತ್ಸೆ ನಿಲ್ಲುವುದಿಲ್ಲ. ಕೆಳಭಾಗದ ಈ ಮೂರಕ್ಕೂ ಆಪರೇಷನ್ ಒಂದೇ: ಮೇದೋಜೀರಕದ ತಲೆ, ಪಿತ್ತನಾಳದ ಕೆಳಭಾಗ, ಸಣ್ಣ ಕರುಳಿನ ಶುರುವನ್ನು ಒಟ್ಟಿಗೆ ತೆಗೆಯುವುದು. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪಲ್ ವಿವರಿಸಿದ, ಅವರ ಹೆಸರಿನಿಂದಲೇ ಕರೆಯುವ ಆಪರೇಷನ್ ಅದು. ಸ್ಕ್ಯಾನ್ ಸ್ಪಷ್ಟವಾಗಿದ್ದು, ಗಡ್ಡೆ ತೆಗೆಯಬಹುದು ಅಂತಿದ್ದರೆ ಬಯಾಪ್ಸಿಗೆ ಕಾಯದೆ ಆಪರೇಷನ್ ಮಾಡುವುದೂ ಸರಿಯಾದ ಕ್ರಮವೇ. ಬಯಾಪ್ಸಿ ಮಾಡದೇ ಹೇಗೆ ಅಂತ ನೀವು ಗಾಬರಿಯಾಗಬಾರದು ಅಂತ ಮೊದಲೇ ಹೇಳುತ್ತಿದ್ದೇನೆ. ಕೀಮೋ ಮೊದಲು ಕೊಡುವುದಾದರೆ ಮಾತ್ರ ಬಯಾಪ್ಸಿ ಕಡ್ಡಾಯ. ಹೆಸರಿನಿಂದ ಬದಲಾಗುವುದು ನಂತರದ ಕೀಮೋ ಮತ್ತು ಮುಂದಿನ ನಿರೀಕ್ಷೆ. ಆಂಪುಲ್ಲಾದ್ದಾಗಿದ್ದರೆ ಮೇದೋಜೀರಕದ್ದಕ್ಕಿಂತ ಗುಣವಾಗುವ ಸಾಧ್ಯತೆ ಸ್ಪಷ್ಟವಾಗಿ ಜಾಸ್ತಿ. ಮೇದೋಜೀರಕದ್ದೇ ಅಂತಾದರೆ ಬಿಆರ್‌ಸಿಎ ಮುಂತಾದ ವಂಶವಾಹಿ ಪರೀಕ್ಷೆಯ ಬಗ್ಗೆ ಕೇಳಿ. ಅದು ತಂದೆಯವರ ಔಷಧಿಗೂ ಮಕ್ಕಳಾದ ನಿಮಗೂ ಸಂಬಂಧಿಸಿದ್ದು.

ವಿಪಲ್ ಆಪರೇಷನ್ ಪದೇ ಪದೇ ಮಾಡುವ ಕಡೆ ಫಲಿತಾಂಶ ಚೆನ್ನಾಗಿರುತ್ತದೆ. ‘ವರ್ಷಕ್ಕೆ ಎಷ್ಟು ಮಾಡುತ್ತೀರಿ?’ ಅಂತ ಕೇಳಲು ಸಂಕೋಚ ಬೇಡ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯನ್ನೂ ಪರಿಗಣಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹೊರಡುವ ಮುಂಚೆ ತಾಲ್ಲೂಕು ಅಥವಾ ಜಿಲ್ಲಾ ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಪತ್ರದ ಬಗ್ಗೆ ವಿಚಾರಿಸಿ. ಹೋಗುವಾಗ ಸಿಟಿಯ ವರದಿ ಮಾತ್ರ ಅಲ್ಲ, ಸಿಡಿಯನ್ನೂ ಒಯ್ಯಿರಿ. ಸರ್ಜನ್ ಚಿತ್ರವನ್ನೇ ನೋಡಬೇಕು.

ಇನ್ನು ಅಮ್ಮನ ವಿಷಯ. ಅವರಿಗೆ ಟ್ಯೂಮರ್ ಮಾರ್ಕರ್ ಪ್ಯಾಕೇಜ್ ಬೇಡ. ತೊಂದರೆಯಿಲ್ಲದವರಲ್ಲಿ ಇವನ್ನು ಮಾಡಿಸಿದರೆ ಸುಳ್ಳು ಗಾಬರಿ ಅಥವಾ ಸುಳ್ಳು ಸಮಾಧಾನ, ಎರಡರಲ್ಲೊಂದು ಸಿಗುತ್ತದೆ. ಆದರೆ ಅವರ ಹಿಮೋಗ್ಲೋಬಿನ್ 8.9 ನನ್ನನ್ನು ಯೋಚನೆಗೆ ಹಚ್ಚಿದೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಕಬ್ಬಿಣ ಕಮ್ಮಿಯಾದರೆ ರಕ್ತ ಎಲ್ಲಿಂದ ಹೋಗುತ್ತಿದೆ ಅಂತ ಹುಡುಕಲೇಬೇಕು. ಸುಮ್ನೆ ಮಾತ್ರೆ ಕೊಟ್ಟು ಬಿಡುವ ಹಾಗಿಲ್ಲ. ದೊಡ್ಡ ಕರುಳಿನ ಬಲಭಾಗದ ಕ್ಯಾನ್ಸರ್ ಬರುವುದೇ ಹೀಗೆ. ಅಲ್ಲಿ ಕರುಳು ಅಗಲ, ಮಲ ಇನ್ನೂ ನೀರಾಗಿರುತ್ತದೆ, ಆದ್ದರಿಂದ ಕಟ್ಟಿಕೊಳ್ಳುವುದಿಲ್ಲ. ರಕ್ತ ದಿನಾ ಸ್ವಲ್ಪ ಸ್ವಲ್ಪ ಜಿನುಗಿ ಮಲದಲ್ಲಿ ಬೆರೆತು ಕಣ್ಣಿಗೆ ಕಾಣದೆ ಹೋಗುತ್ತದೆ. ಎಡಭಾಗದ್ದಾದರೆ ಮಲಬದ್ಧತೆ, ಭೇದಿ ಅದಲುಬದಲಾಗುತ್ತದೆ. ಗುದನಾಳದ್ದಾದರೆ ಕೆಂಪು ರಕ್ತ ಬರುತ್ತದೆ, ಹೋಗಿ ಬಂದರೂ ಪೂರ್ತಿ ಆಗಿಲ್ಲ ಅನ್ನಿಸುತ್ತದೆ. ಅದನ್ನು ಪೈಲ್ಸ್ ಅಂತ ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡಿರುವವರಿದ್ದಾರೆ. ಜಠರದ್ದಾದರೆ ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ, ಮಲ ಡಾಂಬರಿನ ಹಾಗೆ ಕಪ್ಪಾಗುತ್ತದೆ.

ಕ್ಯಾನ್ಸರೇ ಇರಬೇಕೆಂದಿಲ್ಲ. ಮಂಡಿನೋವಿಗೆ ನುಂಗುವ ನೋವಿನ ಮಾತ್ರೆಯಿಂದ ಜಠರದಲ್ಲಿ ಹುಣ್ಣಾಗಿರಬಹುದು, ಕೊಕ್ಕೆಹುಳು ಇರಬಹುದು, ಪೈಲ್ಸೇ ಇರಬಹುದು. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಮಾಡಿಸಿ, ಅದು ಕಮ್ಮಿಯಿದ್ದರೆ ಬಾಯಿಯಿಂದ ಎಂಡೋಸ್ಕೋಪಿ, ಕೆಳಗಿನಿಂದ ಕೊಲೊನೋಸ್ಕೋಪಿ ಎರಡೂ ಆಗಲಿ. ಸಿಇಎ ನಾರ್ಮಲ್ ಬಂದಿದೆ ಅಂತ ಇವನ್ನು ಬಿಡಬೇಡಿ. ಕರುಳಿನ ಕ್ಯಾನ್ಸರ್ ಶುರುವಿನಲ್ಲಿರುವ ಎಷ್ಟೋ ಜನರಲ್ಲಿ ಅದು ಏರುವುದೇ ಇಲ್ಲ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನು ನೋಡಿ ಹೆದರಬೇಡಿ. ಆದರೆ ಅದೇ ಮಾತ್ರೆ ಕರುಳಿನ ಗೋಡೆಗೆ ಕಪ್ಪು ಮೆತ್ತಿ ಕೊಲೊನೋಸ್ಕೋಪಿಯಲ್ಲಿ ಸರಿಯಾಗಿ ಕಾಣದ ಹಾಗೆ ಮಾಡುತ್ತದೆ. ಆದ್ದರಿಂದ ದಿನ ಗೊತ್ತಾದ ಕೂಡಲೇ ಡಾಕ್ಟರನ್ನು ಕೇಳಿ, ಒಂದು ವಾರ ಮುಂಚೆ ಮಾತ್ರೆ ನಿಲ್ಲಿಸಿ. ಪರೀಕ್ಷೆ ಮುಗಿದ ಮೇಲೆ ಮತ್ತೆ ಶುರು ಮಾಡಬಹುದು.